ಚರ್ಮದ ಮಾತು: ವಾರಕ್ಕೊಂದೇ ದಿನದ ಮಾತ್ರೆ, ಮತ್ತೆ ಇನ್ನು ಕೆಲವು ಕಾಗದಗಳು

ಈ ಸಲ ಬಂದ ಕಾಗದಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ ಬಗ್ಗೆ. ಚರ್ಮದ ಕಾಯಿಲೆಗೆ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುವ ಮಾತ್ರೆ ಯಾಕೆ ಕೊಡ್ತಾರೆ, ತಗೊಂಡರೆ ಏನಾಗುತ್ತದೆ, ಬಿಟ್ಟರೆ ಏನಾಗುತ್ತದೆ ಅಂತ. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವತ್ತು ಇದನ್ನೇ ಮಾತಾಡೋಣ. ಕಾಗದ ಬರೆದವರ ಹೆಸರು ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ (ಮದ್ದೂರು): ಮೇಡಂ, ನಮ್ಮ ಯಜಮಾನರಿಗೆ 46 ವರ್ಷ. ಆರು ವರ್ಷದಿಂದ ಸೋರಿಯಾಸಿಸ್. ಮೊಣಕೈ, ಬೆನ್ನು, ತಲೆಯಿಂದ ಬೆಳ್ಳಗೆ ಪೊರೆ ಉದುರುತ್ತೆ. ಈಗ ಬೆರಳಿನ ಗೆಣ್ಣೂ ಊದಿಕೊಂಡಿದೆ. ಡಾಕ್ಟ್ರು ಮೆಥೋಟ್ರೆಕ್ಸೇಟ್ ಅಂತ ವಾರಕ್ಕೊಂದು ದಿನ ತಗೊಳ್ಳೋಕೆ ಬರೆದುಕೊಟ್ಟರು. ಮೆಡಿಕಲ್ ಸ್ಟೋರಿನ ಹುಡುಗ ‘ಅಕ್ಕ, ಇದು ಕ್ಯಾನ್ಸರ್ ಮಾತ್ರೆ’ ಅಂದುಬಿಟ್ಟ. ಅವತ್ತಿನಿಂದ ಮಾತ್ರೆ ಗೂಡಿನಲ್ಲಿ ಹಾಗೇ ಇದೆ. ಕೊಡಬಹುದಾ?

ಉತ್ತರ: ಕೊಡಬಹುದು ಅಮ್ಮ. ಆದರೆ ಹೇಗೆ ತಗೊಳ್ಳಬೇಕು ಅನ್ನುವುದು ತುಂಬ ಮುಖ್ಯ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಆ ಹುಡುಗ ಹೇಳಿದ್ದು ಸುಳ್ಳಲ್ಲ. ಈ ಔಷಧಿ ಮೊದಲು ಬಂದದ್ದು ರಕ್ತದ ಕ್ಯಾನ್ಸರಿಗೇ. ಪಕ್ಕದ ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಯಲ್ಲಾಪ್ರಗಡ ಸುಬ್ಬರಾವ್ ಅನ್ನುವ ವಿಜ್ಞಾನಿ, ಅಲ್ಲಿನ ಲೆಡರ್ಲೆ ಕಂಪನಿಯಲ್ಲಿ ತಮ್ಮ ತಂಡದ ಜೊತೆ ಈ ಜಾತಿಯ ಔಷಧಿಗಳನ್ನು ತಯಾರಿಸಿದರು. 1948ರಲ್ಲಿ ತೀರಿಕೊಂಡರು. ಇವತ್ತು ಎಷ್ಟೊಂದು ಜನ ಆ ಮಾತ್ರೆ ನುಂಗಿ, ಕೆರೆತ ಇಲ್ಲದೆ ರಾತ್ರಿ ನಿದ್ದೆ ಮಾಡ್ತಿದ್ದಾರೆ ಅಂತ ನೆನೆದಾಗೆಲ್ಲ ನನಗೆ ಅವರ ಮೇಲೆ ಪ್ರೀತಿ ಉಕ್ಕುತ್ತದೆ. 1951ರಲ್ಲಿ ಇದೇ ಜಾತಿಯ ಔಷಧಿಯನ್ನು ಕೀಲುವಾತದವರಿಗೆ ಕೊಟ್ಟಾಗ ಸೋರಿಯಾಸಿಸ್ ಕಲೆಗಳೂ ತಗ್ಗಿದ್ದು ಡಾಕ್ಟರುಗಳ ಕಣ್ಣಿಗೆ ಬಿತ್ತು. ಅಲ್ಲಿಂದ ಇದು ನಮ್ಮ ಚರ್ಮದ ಕಡೆ ಬಂತು. ಕ್ಯಾನ್ಸರಿಗೆ ಕೊಡುವ ಪ್ರಮಾಣ ಇದಕ್ಕಿಂತ ಬಹಳ ಜಾಸ್ತಿ ಇರಬಹುದು. ನಾವು ಸೋರಿಯಾಸಿಸ್‌ಗೆ ಕೊಡುವುದು ಸಾಮಾನ್ಯವಾಗಿ ವಾರಕ್ಕೆ 7.5ರಿಂದ 25 ಮಿ.ಗ್ರಾಂ ಒಳಗೆ.

ಒಳಗೆ ಏನು ಮಾಡುತ್ತದೆ ಅಂತ ನಿಮ್ಮ ಕಡೆಯ ನಾಲೆಯ ಲೆಕ್ಕದಲ್ಲೇ ಹೇಳ್ತೀನಿ. ವಿ.ಸಿ. ನಾಲೆಯ ನೀರು ಗದ್ದೆಗೆ ಬೇಕೇ ಬೇಕು. ಒಂದೇ ಸಮ ನುಗ್ಗಿದರೆ ಬದು ಒಡೆದು ಪೈರು ಕೊಳೆಯುತ್ತದೆ. ಆಗ ತೂಬು ತಗ್ಗಿಸುತ್ತೀರಿ, ಪೂರ್ತಿ ಮುಚ್ಚಲ್ಲ ಅಲ್ವಾ? ದೇಹದ ರೋಗನಿರೋಧಕ ಶಕ್ತಿಯೂ ಹಾಗೇ. ಸೋರಿಯಾಸಿಸ್‌ನಲ್ಲಿ ಅದು ಕಾರಣ ಇಲ್ಲದೆ ಚರ್ಮಕ್ಕೆ ನುಗ್ಗುತ್ತದೆ. ಚರ್ಮದ ಕಣ ಹುಟ್ಟಿ, ಮೇಲೆ ಬಂದು, ಉದುರಲು ಸುಮಾರು 28 ದಿನ ಬೇಕು. ಸೋರಿಯಾಸಿಸ್ ಇರುವ ಜಾಗದಲ್ಲಿ 4-5 ದಿನಕ್ಕೇ ಮುಗಿದುಹೋಗುತ್ತದೆ, ಅದಕ್ಕೇ ಆ ಪೊರೆ. ಗೆಣ್ಣಿನ ಊತವೂ ಅದೇ ಕಾಯಿಲೆಯದ್ದೇ ಇರಬಹುದು, ಅದಕ್ಕೆ ಬರೀ ಮುಲಾಮು ಸಾಲದು. ಹಾಗೇ ಬಿಟ್ಟರೆ ಬೆರಳು ಸೊಟ್ಟಗಾಗಿಬಿಡುತ್ತದೆ. ಈ ಮಾತ್ರೆ ತೂಬು ತಗ್ಗಿಸುತ್ತದೆ. ತೂಬು ತಗ್ಗಿಸಿದ ಮೇಲೆ ಒಬ್ಬರು ನಿಂತು ನೋಡ್ತಾ ಇರಬೇಕು, ನೀರುಗಂಟಿ ಥರ. ಆ ನೋಡುವ ಕೆಲಸವೇ ರಕ್ತ ಪರೀಕ್ಷೆ.

ಈಗ ನಾನು ಕೈಮುಗಿದು ಹೇಳುವ ಮಾತು. ಇದು ವಾರಕ್ಕೆ ಒಂದೇ ದಿನದ ಮಾತ್ರೆ. ದಿನಾ ಅಲ್ಲ. ವರ್ಷಗಳ ಹಿಂದೆ ನನ್ನ ಹತ್ತಿರ ಒಬ್ಬ ಹಿರಿಯರನ್ನು ಎತ್ತಿಕೊಂಡು ಬಂದರು. ಬಾಯಿ ತುಂಬ ಹುಣ್ಣು, ರಾಗಿ ಅಂಬಲಿ ಕೂಡ ಇಳಿಯುತ್ತಿರಲಿಲ್ಲ. ರಕ್ತ ನೋಡಿದರೆ ಬಿಳಿ ರಕ್ತಕಣ ತಳ ಮುಟ್ಟಿತ್ತು. ಚೀಟಿಯಲ್ಲಿ ‘ವಾರಕ್ಕೊಮ್ಮೆ’ ಅಂತ ಇತ್ತು, ಆದರೆ ಪೊಟ್ಟಣದ ಮೇಲೆ ಅಂಗಡಿಯವರು ಎಲ್ಲ ಮಾತ್ರೆಗೂ ಬರೆಯುವ ಹಾಗೆ ರಾತ್ರಿಗೆ ಒಂದು ಅಂತ ಬರೆದಿದ್ದರು. ಮನೆಯವರು ಪೊಟ್ಟಣ ನೋಡಿಕೊಂಡು ಒಂಬತ್ತು ದಿನ ದಿನಾ ಕೊಟ್ಟಿದ್ದಾರೆ. ಇದಕ್ಕೆ ಫೋಲಿನಿಕ್ ಆಸಿಡ್ ಅನ್ನುವ ಮದ್ದು ಇದೆ, ತಕ್ಷಣ ಕೊಟ್ಟೆವು, ಆಸ್ಪತ್ರೆಯಲ್ಲಿ ಎರಡು ವಾರ ಇಟ್ಟುಕೊಂಡೆವು, ಉಳಿದರು. ಎಲ್ಲರೂ ಉಳಿಯಲ್ಲ. ಅದಕ್ಕೇ ನಾನು ಎಲ್ಲರಿಗೂ ಒಂದು ದಿನ ಗೊತ್ತುಮಾಡಿ ಕೊಡುತ್ತೇನೆ. ನಿಮ್ಮೂರಿನ ಸಂತೆ ದಿನ ಯಾವುದೋ ಅದನ್ನೇ ಇಟ್ಟುಕೊಳ್ಳಿ, ಮರೆಯಲ್ಲ. ಕ್ಯಾಲೆಂಡರಿನಲ್ಲಿ ತಗೊಂಡ ದಿನಕ್ಕೆ ಸುತ್ತು ಹಾಕಿ. ಜೊತೆಗೆ ಫೋಲಿಕ್ ಆಸಿಡ್ ಕೊಟ್ಟಿರುತ್ತಾರೆ, ಅದನ್ನು ಸಾಮಾನ್ಯವಾಗಿ ಮೆಥೋಟ್ರೆಕ್ಸೇಟ್ ತಗೊಂಡ ದಿನ ಬಿಟ್ಟು ಬೇರೆ ದಿನ ತಗೊಳ್ಳಬೇಕು. ಎರಡೂ ಪುಟ್ಟ ಹಳದಿ ಮಾತ್ರೆಗಳಾಗಿರಬಹುದು, ನೋಡೋಕೆ ಅಕ್ಕತಂಗಿಯರ ಹಾಗೆ. ಬೇರೆ ಬೇರೆ ಡಬ್ಬಿಯಲ್ಲಿ ಇಡಿ.

ಶುರು ಮಾಡುವ ಮುಂಚೆ ರಕ್ತಕಣಗಳ ಎಣಿಕೆ, ಲಿವರ್, ಕಿಡ್ನಿ, ಹೆಪಟೈಟಿಸ್ ಬಿ ಮತ್ತು ಸಿ, ಎಚ್‌ಐವಿ, ಎದೆಯ ಎಕ್ಸ್‌ರೇ ಆಗಿದೆಯಾ ಅಂತ ಕೇಳಿ. ಎಕ್ಸ್‌ರೇ ಯಾಕೆ ಅಂದರೆ ಟಿ.ಬಿ. ನಮ್ಮ ದೇಶದಲ್ಲಿ ಎಷ್ಟೋ ಜನರ ಒಳಗೆ ಟಿ.ಬಿ. ಕ್ರಿಮಿ ಸದ್ದಿಲ್ಲದೆ ಮಲಗಿರುತ್ತದೆ. ನಿರೋಧಕ ಶಕ್ತಿ ತಗ್ಗಿದರೆ ಎದ್ದು ಕೂರುತ್ತದೆ. ಮೈಸೂರಿನಲ್ಲಿ ಕೆ.ಆರ್.ಎಸ್. ರಸ್ತೆಯ ಪಿ.ಕೆ. ಸ್ಯಾನಿಟೋರಿಯಂ ನೋಡಿರುವ ಹಳಬರಿಗೆ ಆ ಕಾಯಿಲೆ ಏನು ಮಾಡುತ್ತದೆ ಅಂತ ಹೇಳಬೇಕಾಗಿಲ್ಲ. ಮನೆಯಲ್ಲಿ ಯಾರಿಗಾದರೂ ಟಿ.ಬಿ. ಆಗಿತ್ತಾದರೆ ಮುಚ್ಚಿಡಬೇಡಿ, ಡಾಕ್ಟರಿಗೆ ಹೇಳಿ.

ಮಾತ್ರೆ ಶುರುವಾದ ಮೇಲೆ ಮೊದಲ ಒಂದೆರಡು ವಾರದಲ್ಲೇ ಒಮ್ಮೆ ರಕ್ತ ನೋಡಬೇಕು. ಆಮೇಲೆ ತಿಂಗಳಿಗೊಮ್ಮೆ, ಎಲ್ಲ ಸರಿಯಿದ್ದರೆ ಎರಡು ಮೂರು ತಿಂಗಳಿಗೊಮ್ಮೆ. ಬಾಯಲ್ಲಿ ಹುಣ್ಣು, ಜ್ವರ, ಒಣ ಕೆಮ್ಮು, ಏದುಸಿರು, ಕಣ್ಣು ಹಳದಿ, ಇದರಲ್ಲಿ ಯಾವುದು ಬಂದರೂ ಮುಂದಿನ ಡೋಸ್ ತಗೊಳ್ಳದೆ ಫೋನ್ ಮಾಡಿ. ಇನ್ನೊಂದು, ಜ್ವರಕ್ಕೋ ಉರಿಮೂತ್ರಕ್ಕೋ ಹತ್ತಿರದ ಕ್ಲಿನಿಕ್ಕಿಗೆ ಹೋದಾಗ ಮೊದಲೇ ‘ಮೆಥೋಟ್ರೆಕ್ಸೇಟ್ ತಗೋತಿದ್ದಾರೆ’ ಅಂತ ಹೇಳಿಬಿಡಿ. ಕೋ-ಟ್ರೈಮಾಕ್ಸಜೋಲ್ ಅನ್ನುವ ಆ್ಯಂಟಿಬಯೋಟಿಕ್ ಇದರ ಜೊತೆ ಸೇರಿದರೆ ರಕ್ತಕಣ ಕುಸಿಯುತ್ತದೆ. ಮೈಕೈ ನೋವಿಗೆ ಅಂಗಡಿಯಲ್ಲಿ ಕೇಳಿ ತಗೊಳ್ಳುವ ನೋವಿನ ಮಾತ್ರೆಯೂ ಕೇಳದೆ ಬೇಡ.

ಗುಣ ಕಾಣೋಕೆ ಒಂದೆರಡು ತಿಂಗಳು ಬೇಕು. ಎರಡು ವಾರಕ್ಕೆ ‘ಏನೂ ಆಗಲಿಲ್ಲ’ ಅಂತ ಬಿಡಬೇಡಿ. ಗೂಡಿನಲ್ಲಿರುವ ಮಾತ್ರೆಯನ್ನು ಚೀಟಿ ಸಮೇತ ಬರೆದುಕೊಟ್ಟ ಡಾಕ್ಟರ ಹತ್ತಿರ ತಗೊಂಡು ಹೋಗಿ, ದಿನ ಗೊತ್ತುಮಾಡಿಸಿಕೊಂಡು ಶುರು ಮಾಡಿ.

ಪ್ರಶ್ನೆ (ಮಳವಳ್ಳಿ): ಸೋರಿಯಾಸಿಸ್ ಮಾತ್ರೆ ತಗೋತಿದ್ದೀನಿ. ಬದನೆಕಾಯಿ, ಮೀನು, ಕಡಲೆಕಾಯಿ ನಂಜು ಅಂತ ಮನೇಲಿ ಕೊಡ್ತಿಲ್ಲ. ಬಾಡೂಟಕ್ಕೆ ಕರೆದರೂ ಹೋಗೋ ಹಾಗಿಲ್ಲ. ಎಷ್ಟು ದಿನ ಈ ಪಥ್ಯ?

ಉತ್ತರ: ಬದನೆಕಾಯಿ ಬಿಟ್ಟಿದ್ದರಿಂದ ಸೋರಿಯಾಸಿಸ್ ವಾಸಿಯಾದ ಒಬ್ಬರನ್ನೂ ನಾನು ಕಂಡಿಲ್ಲ. ಯಾವುದಾದರೂ ತಿಂದಾಗ ನಿಮಗೇ ಖಚಿತವಾಗಿ ಕೆರೆತ ಏಳುತ್ತದೆ ಅನ್ನಿಸಿದರೆ ಅದೊಂದನ್ನು ಬಿಡಿ, ಮಿಕ್ಕಿದ್ದು ತಿನ್ನಿ. ಬಾಡೂಟಕ್ಕೆ ಹೋಗಿ, ಉಣ್ಣಿ. ಎಣ್ಣೆ ಮಾತ್ರ ಬೇಡ. ನಿಮ್ಮದು ಮೆಥೋಟ್ರೆಕ್ಸೇಟ್ ಆಗಿದ್ದರೆ ಕುಡಿತ ಮತ್ತು ಆ ಮಾತ್ರೆ ಎರಡೂ ಸೇರಿ ಲಿವರನ್ನು ಹಾಳು ಮಾಡುತ್ತವೆ. ‘ಹಬ್ಬಕ್ಕೆ ಒಂದು ದಿನ’ ಅಂತಲೂ ಬೇಡ.

ಪ್ರಶ್ನೆ (ಪಾಂಡವಪುರ): ನಾನು ರೈತ, 52 ವರ್ಷ. ಕಬ್ಬು, ಭತ್ತ ಬೆಳೀತೀನಿ. ನಾಲ್ಕು ವರ್ಷದಿಂದ ಮುಖ, ಕತ್ತು, ಕೈ ಮಡಿಕೆ ಎಲ್ಲ ಕಪ್ಪಾಗಿ ದಪ್ಪ ಆಗಿದೆ. ವಿಪರೀತ ನವೆ. ರೆಪ್ಪೆಯೂ ಊದುತ್ತೆ. ತಿಂಗಳಿಗೊಂದು ಸೂಜಿ ಹಾಕಿಸ್ಕೊಂಡ್ರೆ ಮೂರು ವಾರ ಆರಾಮ, ಆಮೇಲೆ ಮತ್ತೆ ಅದೇ. ಈಗ ಮೈಸೂರಿನಲ್ಲಿ ತೋರಿಸಿದ್ದಕ್ಕೆ ಕಾಂಗ್ರೆಸ್ ಗಿಡದ ಅಲರ್ಜಿ ಅಂದ್ರು, ಅಜಥಯೋಪ್ರಿನ್ ಮಾತ್ರೆ ಬರೆದರು. ಸೂಜಿಯೇ ಸಾಕಲ್ವಾ?

ಉತ್ತರ: ಸಾಲದು. ಆ ಸೂಜಿಯನ್ನು ಇಷ್ಟು ವರ್ಷ ನಿಮಗೆ ಹಾಕುತ್ತಾ ಬಂದಿದ್ದಾರಲ್ಲ ಅಂತ ನಿಜಕ್ಕೂ ಸಂಕಟ ಆಯಿತು.

ಕಾಂಗ್ರೆಸ್ ಗಿಡ ಅಂದರೆ ಪಾರ್ಥೇನಿಯಂ. ನಮ್ಮ ನೆಲದ್ದಲ್ಲ, ಅಮೆರಿಕ ಖಂಡದ್ದು. 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿತ್ತು, ಆಮೇಲೆ ದೇಶ ತುಂಬಿತು. ಅದನ್ನು ತಿನ್ನಲಿ ಅಂತ ಮೆಕ್ಸಿಕೋದಿಂದ ಒಂದು ಜೀರುಂಡೆ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಆ ಹುಳ ಎಲೆ ಮೇಯುವುದನ್ನು ನೀವೂ ನೋಡಿರುತ್ತೀರಿ. ಗಿಡ ಮಾತ್ರ ನಾಲೆ ಏರಿ ಮೇಲೆ, ರಸ್ತೆ ಪಕ್ಕ, ಬದುವಿನಲ್ಲಿ ಹಾಗೇ ಇದೆ. ಇದರ ಅಲರ್ಜಿಗೆ ಗಿಡ ಮುಟ್ಟಲೇಬೇಕು ಅಂತ ಇಲ್ಲ. ಒಣಗಿದ ಪುಡಿ ಗಾಳಿಯಲ್ಲಿ ಬಂದು ಮುಖ, ರೆಪ್ಪೆ, ಕತ್ತು, ಮೊಣಕೈ ಮಡಿಕೆಯಲ್ಲಿ ಕೂತರೆ ಸಾಕು. ನೀವು ಹೇಳಿದ ಜಾಗಗಳೆಲ್ಲ ಅವೇ. ಬೆನ್ನಿಗೆ ಅಂಟುಪಟ್ಟಿ ಹಚ್ಚಿ ಎರಡು ದಿನ ಬಿಟ್ಟು ನೋಡುವ ಪ್ಯಾಚ್ ಟೆಸ್ಟ್ ಇದೆ, ಮಾಡಿಸಿಲ್ಲದಿದ್ದರೆ ಕೇಳಿ ಮಾಡಿಸಿಕೊಳ್ಳಿ.

ಮೂರು ವಾರ ಆರಾಮ ಕೊಡುವ ಸೂಜಿ ಸಾಮಾನ್ಯವಾಗಿ ಸ್ಟೀರಾಯ್ಡ್. ಕಿಡ್ನಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ ದಿನಾ ನಮಗೆ ಬೇಕಾದಷ್ಟು ಸ್ಟೀರಾಯ್ಡನ್ನು ತಾನೇ ಮಾಡುತ್ತದೆ. ಹೊರಗಿನಿಂದ ಬರುತ್ತಲೇ ಇದ್ದರೆ ಅದು ಕೆಲಸ ನಿಲ್ಲಿಸುತ್ತದೆ. ಜೊತೆಗೆ ಶುಗರ್ ಏರುತ್ತದೆ, ಬಿ.ಪಿ. ಏರುತ್ತದೆ, ಮೂಳೆ ಟೊಳ್ಳಾಗುತ್ತದೆ, ಕಣ್ಣಿಗೆ ಪೊರೆ ಬರುತ್ತದೆ. ತೊಡೆಯ ಸಂದಿನಲ್ಲಿ ನೋವು, ಕುಂಟು ಇದ್ದರೆ ತಡ ಮಾಡಬೇಡಿ, ಸೊಂಟದ ಕೀಲಿನ ಮೂಳೆ ರಕ್ತ ಸಿಗದೆ ಸವೆಯುತ್ತಿರಬಹುದು. ನಾಲ್ಕು ವರ್ಷ ಹಾಕಿಸಿಕೊಂಡವರು ದಿಢೀರನೆ ನಿಲ್ಲಿಸುವ ಹಾಗೂ ಇಲ್ಲ. ಸುಸ್ತು, ವಾಂತಿ, ತಲೆಸುತ್ತು ಬಂದು ಬಿ.ಪಿ. ಬೀಳಬಹುದು. ಹೊಸ ಡಾಕ್ಟರಿಗೆ ಎಷ್ಟು ಸೂಜಿ, ಎಂದಿನಿಂದ ಅಂತ ನೆನಪಿದ್ದಷ್ಟು ಹೇಳಿ. ಹಳೆ ಕ್ಲಿನಿಕ್ಕಿಗೆ ಹೋಗಿ ಸೂಜಿಯ ಹೆಸರು ಬರೆಸಿಕೊಂಡು ಬನ್ನಿ, ಅದು ನಿಮ್ಮ ಹಕ್ಕು.

ಅಜಥಯೋಪ್ರಿನ್ ಕಾಂಗ್ರೆಸ್ ಗಿಡದ ಅಲರ್ಜಿಗೆ ನಮ್ಮ ದೇಶದ ಡಾಕ್ಟರುಗಳು ತುಂಬ ವರ್ಷಗಳಿಂದ ಬಳಸಿ ಚೆನ್ನಾಗಿ ಅರಿತಿರುವ ಮಾತ್ರೆ. ನಿಧಾನ, ಒಂದೂವರೆ ಎರಡು ತಿಂಗಳು ಹಿಡಿಯುತ್ತದೆ, ಅಲ್ಲಿಯವರೆಗೆ ಸ್ವಲ್ಪ ಸ್ಟೀರಾಯ್ಡ್ ಮಾತ್ರೆಯನ್ನು ಹಂತ ಹಂತವಾಗಿ ಇಳಿಸುತ್ತಾ ಕೊಡಬಹುದು. ಇದರಲ್ಲಿ ನೀವು ನೆನಪಿಡಬೇಕಾದದ್ದು, ಮೊದಲ ಎರಡು ತಿಂಗಳು ರಕ್ತ ಪರೀಕ್ಷೆ ತಪ್ಪಿಸಬಾರದು. ಕೆಲವರ ದೇಹ ಹುಟ್ಟಿನಿಂದಲೇ ಈ ಮಾತ್ರೆಯನ್ನು ಕರಗಿಸಿ ಹೊರಹಾಕಲಾರದು. ನಮ್ಮ ಏಷ್ಯಾದವರಲ್ಲಿ ಅಂಥ ಒಂದು ಬಗೆ ಬಿಳಿಯರಿಗಿಂತ ಜಾಸ್ತಿ. ಅಂಥವರಿಗೆ ಕೆಲವೇ ವಾರದಲ್ಲಿ ಕೂದಲು ಗೊಂಚಲು ಗೊಂಚಲಾಗಿ ಕೈಗೆ ಬರುತ್ತದೆ, ಹಿಂದೆಯೇ ಬಿಳಿ ರಕ್ತಕಣ ಬೀಳುತ್ತದೆ. ಹಾಗೆ ಕೂದಲು ಬಂದರೆ ಎಣ್ಣೆ ಬದಲಾಯಿಸುತ್ತಾ ಕೂರಬೇಡಿ. ಅವತ್ತೇ ಮಾತ್ರೆ ನಿಲ್ಲಿಸಿ, ಅವತ್ತೇ ರಕ್ತ ಕೊಡಿ. ಯೂರಿಕ್ ಆಸಿಡ್‌ಗೆ ಅಲೋಪ್ಯೂರಿನಾಲ್ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ. ಎರಡೂ ಜೊತೆಗೆ ಹೋದರೆ ಅಜಥಯೋಪ್ರಿನ್ ಮೈಯಲ್ಲಿ ವಿಪರೀತ ಏರಿಬಿಡುತ್ತದೆ.

ಹೊಲ ಬಿಡಿ ಅಂತ ನಾನು ಹೇಳಲ್ಲ, ಹೇಳೋಕೆ ಸುಲಭ, ಬಿಟ್ಟು ಬದುಕೋದು ಹೇಗೆ? ಗಿಡ ಹೂ ಬಿಡುವ ಮುಂಚೆ ಅಲರ್ಜಿ ಇಲ್ಲದ ಬೇರೆಯವರ ಕೈಲಿ ಕೀಳಿಸಿ, ಅವರಿಗೂ ಕೈಗವಸು ಕೊಡಿ. ತುಂಬು ತೋಳಿನ ಅಂಗಿ ಹಾಕಿ. ಗದ್ದೆಯಿಂದ ಬಂದವರೇ ಸ್ನಾನ ಮಾಡಿ, ಆ ಬಟ್ಟೆ ಮಂಚದ ಮೇಲೆ ಎಸೆಯಬೇಡಿ. ಸೇವಂತಿಗೆ, ಸೂರ್ಯಕಾಂತಿ ಅದೇ ಕುಲದ್ದು, ಅದಕ್ಕೂ ನವೆ ಏಳಬಹುದು, ಗಮನಿಸಿ.

ಪ್ರಶ್ನೆ (ಮೈಸೂರು, ಹೆಬ್ಬಾಳು): ನಮ್ಮ ತಂದೆಗೆ ಪೆಂಫಿಗಸ್. ಬಾಯಿ ಹುಣ್ಣಿನಿಂದ ಶುರುವಾಗಿ ಮೈಯೆಲ್ಲ ಗುಳ್ಳೆ ಎದ್ದು ಒಡೆಯುತ್ತಿತ್ತು. ಪ್ರೆಡ್ನಿಸೋಲೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆ ಕೊಟ್ಟ ಮೇಲೆ ಗುಳ್ಳೆ ನಿಂತಿದೆ, ಆದರೆ ಮುಖ ಊದಿ ಗುಂಡಗಾಗಿದೆ, ಶುಗರ್ ಬಂದಿದೆ. ‘ಇದು ವಿಷ, ನಿಲ್ಲಿಸ್ತೀನಿ’ ಅಂತ ಹಟ. ಪರಿಚಯದವರು ಒಂದು ನಾಟಿ ಪುಡಿ ಹೇಳುತ್ತಿದ್ದಾರೆ.

ಉತ್ತರ: ದಯವಿಟ್ಟು ಇವತ್ತು ರಾತ್ರಿಯೇ ತಂದೆಯ ಪಕ್ಕ ಕೂತು ಇದನ್ನು ಓದಿ ಹೇಳಿ.

ಅಪ್ಪಾಜಿ, ಚರ್ಮದ ಕಣಗಳನ್ನು ಒಂದಕ್ಕೊಂದು ಹಿಡಿದಿಡುವ ಗೋಂದಿನಂಥ ವಸ್ತು ಇದೆ. ಪೆಂಫಿಗಸ್‌ನಲ್ಲಿ ನಿಮ್ಮದೇ ರೋಗನಿರೋಧಕ ಶಕ್ತಿ ಆ ಗೋಂದನ್ನು ಕಿತ್ತುಹಾಕುತ್ತದೆ. ಸ್ಟೀರಾಯ್ಡ್ ಬರುವ ಮುಂಚೆ ಈ ಕಾಯಿಲೆ ಬಂದವರಲ್ಲಿ ಹೆಚ್ಚಿನವರು ಉಳಿಯುತ್ತಿರಲಿಲ್ಲ. ನಾನು ಕಲಿಯುವಾಗ ವಾರ್ಡಿನಲ್ಲಿ ಇಂಥವರ ಹಾಸಿಗೆಗೆ ಬಾಳೆ ಎಲೆ ಹಾಸುತ್ತಿದ್ದೆವು, ಬಟ್ಟೆ ಹಾಸಿದರೆ ಗಾಯಕ್ಕೆ ಅಂಟಿ ಚರ್ಮವೇ ಕಿತ್ತು ಬರುತ್ತಿತ್ತು. ಆ ಎಲೆ ಬದಲಾಯಿಸುವಾಗ ಅವರು ನರಳುತ್ತಿದ್ದ ದನಿ ನನಗೆ ಇವತ್ತಿಗೂ ಕೇಳುತ್ತದೆ. ನಿಮ್ಮ ಮುಖ ಊದಿರುವುದು ಮಾತ್ರೆಯಿಂದ, ನಿಜ. ಪ್ರಮಾಣ ಇಳಿದ ಹಾಗೆ ಅದೂ ಇಳಿಯುತ್ತದೆ. ನೀವೇ ಒಂದು ದಿನ ನಿಲ್ಲಿಸಿದರೆ ಎರಡು ತೊಂದರೆ. ಗುಳ್ಳೆ ಹಿಂದಿಗಿಂತ ಜಾಸ್ತಿ ಏಳಬಹುದು, ಮತ್ತೆ ಮೂರು ವಾರಕ್ಕಿಂತ ಜಾಸ್ತಿ ತಗೊಂಡಿರುವುದರಿಂದ ಮೇಲೆ ಪಾಂಡವಪುರದವರಿಗೆ ಹೇಳಿದ ಹಾಗೆ ಬಿ.ಪಿ. ಬಿದ್ದು ಜೀವಕ್ಕೇ ಬರಬಹುದು.

ಈಗ ಕಾಗದ ಬರೆದ ಮಕ್ಕಳಿಗೆ ಹೇಳುವ ಮಾತು. ಸ್ಟೀರಾಯ್ಡ್ ಪ್ರಮಾಣ ಇಳಿಸೋಕೆ ಅಂತಲೇ ಜೊತೆಗೆ ಬೇರೆ ಔಷಧಿ ಕೊಡುವ ದಾರಿಗಳಿವೆ, ಕೇಳಿ. 1980ರ ದಶಕದಲ್ಲಿ ದೆಹಲಿಯ ಏಮ್ಸ್‌ನಲ್ಲಿ ಡಾ. ಪಸ್ರೀಚಾ ಅವರು ತಿಂಗಳಿಗೊಮ್ಮೆ ಮೂರು ದಿನ ಡ್ರಿಪ್‌ನಲ್ಲಿ ಡೆಕ್ಸಾಮೆಥಸೋನ್, ಅದರಲ್ಲಿ ಒಂದು ದಿನ ಸೈಕ್ಲೋಫಾಸ್ಫಮೈಡ್ ಕೊಡುವ ಪಲ್ಸ್ ಪದ್ಧತಿ ತಂದರು. ದೇಶದ ಎಷ್ಟೋ ಪೆಂಫಿಗಸ್ ರೋಗಿಗಳು ಅದರಿಂದ ಬದುಕು ಕಂಡರು. ಈಗ ರಿಟುಕ್ಸಿಮ್ಯಾಬ್ ಇದೆ, ಸಾಮಾನ್ಯವಾಗಿ ಎರಡು ವಾರದ ಅಂತರದಲ್ಲಿ ಎರಡು ಡ್ರಿಪ್. 2018ರಲ್ಲಿ ಅಮೆರಿಕದಲ್ಲಿ ಪೆಂಫಿಗಸ್‌ಗೆ ಅಂತಲೇ ಒಪ್ಪಿಗೆ ಸಿಕ್ಕಿತು. ದುಬಾರಿ, ಅದನ್ನು ಬಚ್ಚಿಡಲ್ಲ. ಕೆ.ಆರ್. ಆಸ್ಪತ್ರೆಯ ಚರ್ಮ ವಿಭಾಗದಲ್ಲಿ ಒಮ್ಮೆ ಕೇಳಿ, ಬಿಪಿಎಲ್ ಕಾರ್ಡ್ ಇದ್ದರೆ ಜೊತೆಯಲ್ಲೇ ಒಯ್ಯಿರಿ. ಮೂಳೆಗೆ ಕ್ಯಾಲ್ಸಿಯಂ, ವಿಟಮಿನ್ ಡಿ ಕೊಡ್ತಿದ್ದಾರಾ ನೋಡಿ. ಜಂತುಹುಳದ ಮಾತ್ರೆ ಆಗಿದೆಯಾ ಕೇಳಿ. ಜೀವಂತ ಕ್ರಿಮಿಯ ಲಸಿಕೆ ಈಗ ಕೂಡದು, ಫ್ಲೂ ಲಸಿಕೆ, ನ್ಯುಮೋನಿಯಾ ಲಸಿಕೆ ಹಾಕಿಸಬಹುದು. ಮನೆಯಲ್ಲಿ ಮೊಮ್ಮಕ್ಕಳಿಗೆ ಅಮ್ಮ (ಚಿಕನ್‌ಪಾಕ್ಸ್) ಆದರೆ ತಂದೆಯನ್ನು ಬೇರೆ ಮನೆಗೆ ಕಳಿಸಿ ಅದೇ ದಿನ ಡಾಕ್ಟರಿಗೆ ಹೇಳಿ.

ಆ ಪುಡಿ ಬೇಡ. ಇಂಥ ಪುಡಿಗಳಲ್ಲಿ ಎಷ್ಟೋ ಸಲ ಸ್ಟೀರಾಯ್ಡನ್ನೇ ಅರೆದು ಬೆರೆಸಿರುತ್ತಾರೆ, ಎಷ್ಟು ಅಂತ ಕೊಡುವವರಿಗೂ ಲೆಕ್ಕ ಇರಲ್ಲ.

ಪ್ರಶ್ನೆ (ಮೈಸೂರು, ಕುವೆಂಪುನಗರ): ನನಗೆ 26 ವರ್ಷ. ಸೋರಿಯಾಸಿಸ್‌ಗೆ ಒಂದು ವರ್ಷದಿಂದ ಮೆಥೋಟ್ರೆಕ್ಸೇಟ್ ತಗೋತಿದ್ದೀನಿ, ಮೈ ಪೂರ್ತಿ ಕ್ಲೀನ್ ಆಗಿದೆ. ಮದುವೆ ಗೊತ್ತಾಗಿದೆ. ಹುಡುಗನ ಮನೆಗೆ ಹೇಳಬೇಡ ಅಂತಾರೆ ಅಮ್ಮ.

ಉತ್ತರ: ಮಗಳೇ, ಹುಡುಗನಿಗೆ ಹೇಳು. ಮನೆಯವರಿಗೆಲ್ಲ ಆಮೇಲೆ ನಿಧಾನಕ್ಕೆ ಹೇಳಬಹುದು, ಅವನಿಗೆ ಮಾತ್ರ ಮದುವೆಗೆ ಮುಂಚೆಯೇ ಗೊತ್ತಿರಬೇಕು. ಸೋರಿಯಾಸಿಸ್ ಅಂಟುವ ಕಾಯಿಲೆ ಅಲ್ಲ, ಮಗುವಿಗೆ ಬಂದೇ ಬರುತ್ತದೆ ಅಂತಲೂ ಇಲ್ಲ. ಆದರೆ ಈ ಮಾತ್ರೆ ಇರುವಾಗ ಬಸುರಾದರೆ ಗರ್ಭ ಇಳಿದುಹೋಗಬಹುದು, ಮಗುವಿನ ಅಂಗಗಳು ಕೆಡಬಹುದು. ಅವನಿಗೆ ಗೊತ್ತಿಲ್ಲದೆ ನೀನೊಬ್ಬಳೇ ಇದನ್ನು ಹೇಗೆ ನಿಭಾಯಿಸುತ್ತೀಯ?

ಮದುವೆಗೆ ಇನ್ನೂ ಟೈಮ್ ಇದ್ದರೆ ಈಗಲೇ ಡಾಕ್ಟರ ಹತ್ತಿರ ಕೂತು ಪ್ಲಾನ್ ಮಾಡು. ಮೆಥೋಟ್ರೆಕ್ಸೇಟ್ ನಿಲ್ಲಿಸಿ ಕನಿಷ್ಠ 3 ತಿಂಗಳು ಕಾದು ಆಮೇಲೆ ಬಸುರಿಗೆ ಪ್ರಯತ್ನ ಮಾಡಿ ಅಂತ ನಾವು ಹೇಳುತ್ತೇವೆ. ಕೆಲವರು 6 ತಿಂಗಳು ಅನ್ನುತ್ತಾರೆ. ಅಲ್ಲಿಯವರೆಗೆ ಗರ್ಭ ನಿಲ್ಲದ ಹಾಗೆ ನಂಬುವಂಥ ಉಪಾಯ ಇರಲೇಬೇಕು. ಆ ಹೊತ್ತಿನಲ್ಲಿ ಕಲೆ ಮತ್ತೆ ಎದ್ದರೆ ನ್ಯಾರೋಬ್ಯಾಂಡ್ ಯುವಿಬಿ ಅನ್ನುವ ಬೆಳಕಿನ ಚಿಕಿತ್ಸೆ ಇದೆ, ವಾರಕ್ಕೆ 2-3 ಸಲ ಹೋಗಿ ನಿಲ್ಲಬೇಕು ಅಷ್ಟೇ, ಬಸುರಿನಲ್ಲೂ ಕೊಡಬಹುದು. ಬೆಳಕಿಗೆ ನಿಲ್ಲುವಾಗಲೂ ಫೋಲಿಕ್ ಆಸಿಡ್ ಬಿಡಬೇಡ. ಗಂಡಸರು ಈ ಮಾತ್ರೆ ತಗೊಳ್ಳುತ್ತಿದ್ದರೆ ಅವರಿಗೂ ಮಗುವಿಗೆ 3 ತಿಂಗಳು ಮುಂಚೆ ನಿಲ್ಲಿಸಿ ಅಂತಲೇ ಹೇಳುತ್ತೇವೆ, ಓದುತ್ತಿರುವ ಅಣ್ಣಂದಿರೂ ಗಮನಿಸಿ. ಇನ್ನು ಅಮ್ಮ ಹೆದರಿರುವುದು ನಿನ್ನ ಮೇಲಿನ ಪ್ರೀತಿಗೆ. ಅವರನ್ನೂ ಒಮ್ಮೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು.

ಪ್ರಶ್ನೆ (ಶ್ರೀರಂಗಪಟ್ಟಣ): ತೊಡೆ ಸಂದಿನಲ್ಲಿ ಹುಳುಕಡ್ಡಿ. ಮೆಡಿಕಲ್‌ನಲ್ಲಿ ಕೊಟ್ಟ ಕ್ರೀಮ್ ಹಚ್ಚಿದರೆ ಎರಡೇ ದಿನಕ್ಕೆ ನವೆ ಹೋಗುತ್ತೆ, ಬಿಟ್ಟರೆ ಡಬಲ್ ಆಗಿ ಬರುತ್ತೆ. ಈಗ ಮನೆಯವರಿಗೂ ಬಂದಿದೆ. ನನಗೂ ಇಂಥ ಸ್ಟ್ರಾಂಗ್ ಮಾತ್ರೆ ಬೇಕಾ?

ಉತ್ತರ: ಬೇಡ, ನಿಮಗೆ ಬೇಕಿರುವುದು ಇದರ ತದ್ವಿರುದ್ಧ. ಹುಳುಕಡ್ಡಿ ಅಂದರೆ ಫಂಗಸ್, ಅದನ್ನು ಓಡಿಸೋಕೆ ರೋಗನಿರೋಧಕ ಶಕ್ತಿ ಬೇಕು. ನೀವು ಹಚ್ಚುತ್ತಿರುವುದರಲ್ಲಿ ಕ್ಲೋಬೆಟಾಸಾಲ್ ಥರದ ಸ್ಟೀರಾಯ್ಡ್ ಬೆರೆತಿರುವುದು ಬಹುತೇಕ ಖಚಿತ. ಅದು ಆ ಜಾಗದ ರೋಗನಿರೋಧಕ ಶಕ್ತಿಯನ್ನು ಮಲಗಿಸುತ್ತದೆ, ನವೆ ನಿಲ್ಲುತ್ತದೆ, ಫಂಗಸ್ ಮಾತ್ರ ಆರಾಮಾಗಿ ಹರಡುತ್ತದೆ. ಚರ್ಮ ತೆಳುವಾಗಿ ಬಾಣಂತಿ ಹೊಟ್ಟೆಯ ಗೆರೆಗಳ ಹಾಗೆ ಗೆರೆ ಬೀಳುತ್ತದೆ, ಆ ಗೆರೆ ಮತ್ತೆ ಹೋಗಲ್ಲ. 2018ರಲ್ಲಿ ಸರ್ಕಾರ ಇಂಥ ಸ್ಟೀರಾಯ್ಡ್ ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದೆ. ಆದರೂ ಸಿಗುತ್ತಿದೆ, ನಾವೂ ಕೇಳಿ ತಗೊಳ್ಳುತ್ತಿದ್ದೇವೆ. ಇವತ್ತೇ ಹಚ್ಚುವುದು ನಿಲ್ಲಿಸಿ. ಒಂದು ವಾರ ನವೆ ಜಾಸ್ತಿಯಾಗುತ್ತದೆ, ತಡೆದುಕೊಳ್ಳಿ, ಬೇಗ ಚರ್ಮದ ಡಾಕ್ಟರ ಹತ್ತಿರ ಮನೆಯಲ್ಲಿ ಬಂದಿರುವವರೆಲ್ಲ ಒಟ್ಟಿಗೆ ಹೋಗಿ. ಟವಲ್, ಒಳ ಉಡುಪು ಬೇರೆ ಬೇರೆ ಇಡಿ, ಬಿಸಿಲಿಗೆ ಒಣಗಿಸಿ. ಮುಗಿದಿರುವ ಟ್ಯೂಬನ್ನು ಬಿಸಾಡಬೇಡಿ, ಜೊತೆಗೆ ತಗೊಂಡು ಹೋಗಿ. ಅದರ ಮೇಲಿನ ಅಕ್ಷರ ಓದಿದರೇ ಡಾಕ್ಟರಿಗೆ ಅರ್ಧ ವಿಷಯ ಗೊತ್ತಾಗುತ್ತದೆ.